ಹೊಗೆ, ಕಾನೂನು ಮತ್ತು ಹೋಂಡಾ

ಮೊನ್ನೆ ಬೈಕಿನ ಎಮಿಷನ್ ಟೆಸ್ಟಿಗೆ ಕಾಯುತ್ತಾ ನಿಂತಿದ್ದಾಗ ಒಂದು ಹಳೇ ಕತೆ ನೆನಪಾಯಿತು.

1970ರಲ್ಲಿ ಅಮೆರಿಕ ತನ್ನ ಕ್ಲೀನ್ ಏರ್ ಆಕ್ಟ್ ಬಿಗಿ ಮಾಡಿತು. 1975ರ ಮಾಡೆಲ್ ಕಾರುಗಳು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು ಶೇ. 90ರಷ್ಟು ಕಡಿಮೆ ಉಗುಳಬೇಕು. ಹೇಗೆ ಅಂತ ಕಾನೂನು ಹೇಳಲಿಲ್ಲ. ಎಷ್ಟು, ಯಾವಾಗ ಅಂತ ಮಾತ್ರ ಹೇಳಿತು. ಡೆಟ್ರಾಯಿಟ್‌ನ ದೊಡ್ಡ ಕಂಪನಿಗಳು 'ಅಷ್ಟರೊಳಗೆ ಆಗೋದಿಲ್ಲ' ಎಂದವು. (ನಮ್ಮ ಪ್ರಾಜೆಕ್ಟ್ ಮೀಟಿಂಗಿನ ಹಾಗೇ!)

ಹೋಂಡಾ ಕಾರು ಮಾಡಲು ಶುರು ಮಾಡಿದ್ದೇ 1963ರಲ್ಲಿ. 1972ರಲ್ಲಿ ಅವರು ತೋರಿಸಿದ ಸಿವಿಸಿಸಿ ಎಂಜಿನ್ನಿನ ಉಪಾಯ ಸರಳ. ಸಿಲಿಂಡರಿನ ತಲೆಯಲ್ಲಿ ಇನ್ನೊಂದು ಪುಟ್ಟ ಕೋಣೆ. ಅಲ್ಲಿ ಪೆಟ್ರೋಲ್ ಜಾಸ್ತಿಯಿರುವ ಮಿಶ್ರಣಕ್ಕೆ ಕಿಡಿ ತಾಗಿಸಿ, ಆ ಜ್ವಾಲೆಯಿಂದ ಕೆಳಗಿನ ತೆಳು ಮಿಶ್ರಣವನ್ನು ಚೆನ್ನಾಗಿ ಉರಿಸುವುದು. ಸೌದೆ ಒಲೆಗೆ ಮೊದಲು ತೆಂಗಿನ ಗರಿ ಹಚ್ಚುತ್ತೇವಲ್ಲ, ಹಾಗೆ ಅನ್ನಿ. ಕ್ಯಾಟಲಿಟಿಕ್ ಕನ್ವರ್ಟರ್ ಬೇಕಾಗಲೇ ಇಲ್ಲ. ಅದೇ ಡಿಸೆಂಬರಿನಲ್ಲಿ ಅಮೆರಿಕದ ಇಪಿಎ ಪರೀಕ್ಷಿಸಿತು, ಪಾಸ್!

ಪುಟ್ಟ ಎಂಜಿನ್ನಿಗೆ ಸರಿ, ದೊಡ್ಡದಕ್ಕೆ? ಹೋಂಡಾದವರು ಜಿಎಂ ಕಂಪನಿಯದ್ದೇ ಷೆವ್ರೊಲೆ ಇಂಪಾಲಾ ತಂದು, ಅದರ ವಿ8 ಎಂಜಿನ್ನಿಗೂ ಇದನ್ನೇ ಅಳವಡಿಸಿದರು. 1973ರಲ್ಲಿ ಅದೂ ಪಾಸಾಯಿತು. ನನಗೆ ತುಂಬ ಇಷ್ಟವಾಗುವ ಭಾಗ ಇದು.

ಆದರೂ ಅದೇ ವರ್ಷ ಗಡುವನ್ನು ಒಂದು ವರ್ಷ ಮುಂದೂಡಲಾಯಿತು. ಡೆಟ್ರಾಯಿಟ್ ಹಿಡಿದ ದಾರಿ ಕನ್ವರ್ಟರ್. ಸೀಸ ಅದನ್ನು ಕೆಡಿಸುತ್ತದೆ, ಹಾಗಾಗಿ ಸೀಸವಿಲ್ಲದ ಪೆಟ್ರೋಲೂ ಬಂಕುಗಳಿಗೆ ಬಂತು. ಅದೂ ಕಾನೂನಿನ ಫಲವೇ.

ತಮಾಷೆ ಏನೆಂದರೆ, ಮಿತಿ ಇನ್ನೂ ಬಿಗಿಯಾದ ಮೇಲೆ, 1980ರ ದಶಕದಲ್ಲಿ, ಹೋಂಡಾ ಕೂಡ ಕನ್ವರ್ಟರ್ ಹಾಕಿಕೊಂಡಿತು.