ಖಾಕಿ ನಾಯಕ: ಬೆಳ್ಳಿತೆರೆಯಿಂದ ಅವಳಿ ನಗರದ ಬೀದಿಗೆ

ಹುಬ್ಬಳ್ಳಿ: 2025ರ ಏಪ್ರಿಲ್ 13ರಂದು ನಗರದ ಅಶೋಕನಗರ ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ ಐದು ವರ್ಷದ ಬಾಲಕಿಯೊಬ್ಬಳ ಅಪಹರಣ ಹಾಗೂ ಕೊಲೆ ನಡೆಯಿತು. ಠಾಣೆಯ ಮುಂದೆ ನೆರೆದ ಜನರ ಆಕ್ರೋಶ ಮುಗಿಲು ಮುಟ್ಟಿತ್ತು. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಬಲಿಯಾದ. ಆತನ ವಿವರಗಳ ಪರಿಶೀಲನೆಗೆ ಕರೆದೊಯ್ದಾಗ ಕಲ್ಲು ತೂರಿ ಪರಾರಿಯಾಗಲು ಯತ್ನಿಸಿದ, ಅನಿವಾರ್ಯವಾಗಿ ಗುಂಡು ಹಾರಿಸಬೇಕಾಯಿತು ಎಂಬುದು ಪೊಲೀಸರ ಹೇಳಿಕೆ. ಗುಂಡು ಹಾರಿಸಿದ ಮಹಿಳಾ ಪಿಎಸ್‌ಐ ಅವರಿಗೆ ಅಭಿನಂದನೆಗಳ ಸುರಿಮಳೆಯಾಯಿತು. ಬೆಳಗಾಗುವಷ್ಟರಲ್ಲಿ ಅವರು 'ಲೇಡಿ ಸಿಂಗಂ' ಆಗಿದ್ದರು.

ಸಿಂಗಂ ಎಂಬುದು ಸರಕಾರ ಕೊಡುವ ಪದಕವಲ್ಲ, ಒಂದು ಚಲನಚಿತ್ರದ ಹೆಸರು. ನಿರ್ದೇಶಕ ಹರಿ ಅವರ ತಮಿಳು 'ಸಿಂಗಂ' 2010ರಲ್ಲಿ ತೆರೆಕಂಡಿತು. ಮರುವರ್ಷವೇ ಹಿಂದಿಯಲ್ಲಿ ಅಜಯ್ ದೇವಗನ್ ಅಭಿನಯದ 'ಸಿಂಘಂ', ಕನ್ನಡದಲ್ಲಿ ಸುದೀಪ್ ನಟಿಸಿ ನಿರ್ದೇಶಿಸಿದ 'ಕೆಂಪೇಗೌಡ' ಬಂದವು. ಕನ್ನಡದ ರೂಪಕ್ಕೆ ನಾಡಪ್ರಭುವಿನ ಹೆಸರಿದ್ದರೂ ನಮ್ಮ ಪತ್ರಿಕೆಗಳ ಶೀರ್ಷಿಕೆಗೆ ಒಗ್ಗಿದ್ದು ತಮಿಳಿನ ಹೆಸರೇ. ಇದರಲ್ಲಿ ಸುದ್ದಿಮನೆಗಳ ಪಾಲೂ ಸಣ್ಣದಲ್ಲ.

ಬೆನ್ನಟ್ಟಿಸಿಕೊಂಡವನೇ ನಾಯಕ

ಉತ್ತರ ಕರ್ನಾಟಕದ ರಂಜನೆಯ ಪರಂಪರೆಯಲ್ಲಿ ಪೊಲೀಸರಿಗೆ ಮೊದಲಿನಿಂದಲೂ ಈ ಮರ್ಯಾದೆ ಇರಲಿಲ್ಲ. ಈ ಭಾಗದ ಲಾವಣಿ ಪದಗಳಲ್ಲಿ, ವೃತ್ತಿ ರಂಗಭೂಮಿಯ ನಾಟಕಗಳಲ್ಲಿ ಮೆರೆದವನು ಸಿಂಧೂರ ಲಕ್ಷ್ಮಣ. ಅಂದಿನ ಜತ್ತ ಸಂಸ್ಥಾನದ ಸಿಂಧೂರಿನವನಾದ ಆತ 1920ರ ದಶಕದ ಆರಂಭದಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ತಿರುಗಿಬಿದ್ದು, ಕೊಳ್ಳೆ ಹೊಡೆದದ್ದನ್ನು ಬಡವರಿಗೆ ಹಂಚಿದನೆಂದು ಜನ ಹಾಡಿಕೊಂಡರು. ಪೊಲೀಸರು ಅಟ್ಟಿಸಿಕೊಂಡು ಹೋದವನಿಗೆ ಪ್ರೇಕ್ಷಕರ ಚಪ್ಪಾಳೆ. ಅಟ್ಟಿಸಿಕೊಂಡು ಹೋದವರು ಪರಕೀಯ ಪ್ರಭುತ್ವದ ಆಳುಗಳು. ಸ್ವಾತಂತ್ರ್ಯಾನಂತರವೂ ಬಹುಕಾಲ ಕನ್ನಡ ಸಿನಿಮಾದ ಪೊಲೀಸ್ ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬಂದು ಖಳನಾಯಕನ ಕೈಗೆ ಕೋಳ ತೊಡಿಸುವವನಷ್ಟೇ ಆಗಿದ್ದ.

1981ರ 'ಅಂತ' ಈ ಚಿತ್ರವನ್ನು ಬದಲಿಸಿತು. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿದ್ದ ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು ತೆರೆಗೆ ತಂದರು. ಇನ್‌ಸ್ಪೆಕ್ಟರ್ ಸುಶೀಲ್‌ಕುಮಾರ್ (ಅಂಬರೀಶ್) ತನ್ನನ್ನೇ ಹೋಲುವ ಕನ್ವರ್‌ಲಾಲ್ ಎಂಬ ಪಾತಕಿಯ ವೇಷದಲ್ಲಿ ಅಪರಾಧಿಗಳ ಕೂಟವನ್ನು ಹೊಕ್ಕು, ಅದರ ಹಿಂದಿರುವ ದೊಡ್ಡ ಮನುಷ್ಯರನ್ನು ಕಾಣುತ್ತಾನೆ. ಇಲ್ಲಿ ಪೊಲೀಸ್ ಒಳ್ಳೆಯವನು, ವ್ಯವಸ್ಥೆ ಕೆಟ್ಟದ್ದು. ಮುಂದಿನ ನಾಲ್ಕು ದಶಕಗಳ ಖಾಕಿ ಚಿತ್ರಗಳೆಲ್ಲ ಒಂದಲ್ಲ ಒಂದು ರೀತಿ ಈ ಸೂತ್ರಕ್ಕೆ ಋಣಿ.

1988ರ 'ಸಾಂಗ್ಲಿಯಾನ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೇವೆಯಲ್ಲಿದ್ದ ಐಪಿಎಸ್ ಅಧಿಕಾರಿಯ ಹೆಸರೇ ಚಿತ್ರದ ಹೆಸರಾಯಿತು. ಮಿಜೋರಾಂ ಮೂಲದ ಎಚ್.ಟಿ. ಸಾಂಗ್ಲಿಯಾನ ಅವರ ಪಾತ್ರದಲ್ಲಿ ಶಂಕರ್‌ನಾಗ್ ವೇಷ ಮರೆಸಿಕೊಂಡು ದುಷ್ಟರನ್ನು ಹಿಡಿಯುವುದನ್ನು ಜನ ಮನಸಾರೆ ಮೆಚ್ಚಿದರು. 1990ರಲ್ಲಿ ಎರಡನೆಯ ಭಾಗ, 1997ರಲ್ಲಿ ದೇವರಾಜ್ ಅಭಿನಯದ ಮೂರನೆಯ ಭಾಗ ಬಂದವು. ನಿವೃತ್ತಿಯ ನಂತರ ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರಂಥ ಹಿರಿಯ ರಾಜಕಾರಣಿಯನ್ನು ಸೋಲಿಸಿ ಲೋಕಸಭೆ ಪ್ರವೇಶಿಸಿದರು. ಮತದಾರರ ಕಣ್ಣ ಮುಂದೆ ಶಂಕರ್‌ನಾಗ್ ಸುಳಿದಿರಲಿಲ್ಲ ಎಂದು ಹೇಳುವುದು ಕಷ್ಟ.

1991ರ 'ಎಸ್.ಪಿ. ಭಾರ್ಗವಿ'ಯಿಂದ ಮಾಲಾಶ್ರೀ ಖಾಕಿ ತೊಟ್ಟರು. 1996ರ 'ಪೊಲೀಸ್ ಸ್ಟೋರಿ'ಯಲ್ಲಿ ಸಾಯಿಕುಮಾರ್ ಅವರ ಅಗ್ನಿ ಎಂಬ ಅಧಿಕಾರಿ, ರಾಷ್ಟ್ರಲಾಂಛನದಲ್ಲಿ ಕಣ್ಣಿಗೆ ಬೀಳದ ನಾಲ್ಕನೆಯ ಸಿಂಹಕ್ಕೆ ಪೊಲೀಸನನ್ನು ಹೋಲಿಸಿ ಗುಡುಗಿದ. ಆ ಸಂಭಾಷಣೆಯನ್ನು ಇಂದಿಗೂ ಒಪ್ಪಿಸಬಲ್ಲವರು ಅವಳಿ ನಗರದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ.

ಹೊಗಳಿಕೆ ಯಾರಿಗೆ?

ಈ ಚಿತ್ರಗಳು ಪೊಲೀಸ್ ಇಲಾಖೆಯನ್ನು ಹೊಗಳುತ್ತವೆ ಎಂಬುದು ಅರ್ಧಸತ್ಯ. ಅವು ಹೊಗಳುವುದು ಇಲಾಖೆಯ ನಿಯಮಗಳನ್ನು ಮುರಿಯುವ ಒಬ್ಬನನ್ನು. ಆತನ ಮೇಲಧಿಕಾರಿ ಲಂಚಕೋರ ಅಥವಾ ಪುಕ್ಕಲ, ಕೆಳಗಿನ ಪೇದೆ ಹಾಸ್ಯಪಾತ್ರ. ಮಹಜರು, ಸಾಕ್ಷಿ, ಆರೋಪಪಟ್ಟಿ ಇವೆಲ್ಲ ನಾಯಕನ ಕಾಲಿಗೆ ತೊಡರುವ ಬಳ್ಳಿಗಳು. 2016ರ ಜೂನ್ 4ರಂದು ರಾಜ್ಯದ ಪೊಲೀಸ್ ಸಿಬ್ಬಂದಿ ವೇತನ ಹಾಗೂ ಕೆಲಸದ ಹೊರೆಯ ವಿಚಾರವಾಗಿ ಸಾಮೂಹಿಕ ರಜೆಗೆ ಕರೆ ನೀಡಿದ್ದು ಓದುಗರಿಗೆ ನೆನಪಿರಬಹುದು. ತೆರೆಯ ಮೇಲಿನ ನಾಯಕ ಮಾತ್ರ ಎಂದೂ ವಾರದ ರಜೆ ಕೇಳಿದವನಲ್ಲ.

ಬಾಂಬೆ ಹೈಕೋರ್ಟ್‌ನ ಆಗಿನ ನ್ಯಾಯಮೂರ್ತಿ ಗೌತಮ್ ಪಟೇಲ್ 2023ರ ಸೆಪ್ಟೆಂಬರಿನಲ್ಲಿ ಪೊಲೀಸ್ ಸುಧಾರಣೆ ಕುರಿತ ಸಮಾರಂಭವೊಂದರಲ್ಲಿ 'ಸಿಂಘಂ' ಚಿತ್ರವನ್ನೇ ಹೆಸರಿಸಿ, ನ್ಯಾಯಾಧೀಶರನ್ನು ಅಂಜುಬುರುಕರಂತೆ ತೋರಿಸಿ ನಾಯಕ ಏಕಾಂಗಿಯಾಗಿ ನ್ಯಾಯ ಒದಗಿಸುವ ಇಂಥ ಕಥೆಗಳ ಸಂದೇಶ ಅಪಾಯಕಾರಿ ಎಂದಿದ್ದರು.

ಅಪಾಯ ಎಲ್ಲಿದೆ ಎಂಬುದಕ್ಕೆ ಹುಬ್ಬಳ್ಳಿಯ ನಂಟಿರುವ ಇನ್ನೊಂದು ಪ್ರಕರಣ ನೋಡಬೇಕು. 2019ರ ಡಿಸೆಂಬರ್ 6ರಂದು ಹೈದರಾಬಾದ್ ಸಮೀಪ ಪಶುವೈದ್ಯೆಯ ಅತ್ಯಾಚಾರ-ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಸೈಬರಾಬಾದ್ ಆಯುಕ್ತರಾಗಿದ್ದವರು ಹುಬ್ಬಳ್ಳಿಯವರೇ ಆದ ವಿ.ಸಿ. ಸಜ್ಜನರ. ಅಲ್ಲಿ ಪೊಲೀಸರ ಮೇಲೆ ಜನ ಹೂಮಳೆಗರೆದರು, ಇಲ್ಲಿ ತವರೂರೂ ಸಂಭ್ರಮಿಸಿತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಮೃತರಲ್ಲಿ ಮೂವರು ಅಪ್ರಾಪ್ತರು, ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು ಎಂದು ಆಯೋಗ ಹೇಳಿತು. ಆ ಹತ್ತರಲ್ಲಿ ಸಜ್ಜನರ ಅವರ ಹೆಸರಿರಲಿಲ್ಲ. ವರದಿ ಆಧರಿಸಿದ ಕ್ರಮಕ್ಕೆ 2024ರಲ್ಲಿ ತೆಲಂಗಾಣ ಹೈಕೋರ್ಟ್ ತಡೆ ನೀಡಿತು. ಹೂಮಳೆಯ ದೃಶ್ಯ ಎಲ್ಲರಿಗೂ ನೆನಪಿದೆ. ವರದಿಯನ್ನು ಓದಿದವರು ವಿರಳ.

ಹುಬ್ಬಳ್ಳಿಯಲ್ಲಿ 2024ರ ಏಪ್ರಿಲ್‌ನಲ್ಲಿ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯ ಕೊಲೆಯಾದಾಗ ಬೀದಿಗಿಳಿದವರು 'ಎನ್‌ಕೌಂಟರ್ ಮಾಡಿ' ಎಂದು ಕೂಗಿದ್ದರು. ಮರುವರ್ಷದ ಗುಂಡೇಟಿಗೆ ಸಿಕ್ಕ ಸ್ವಾಗತಕ್ಕೆ ನೆಲ ಆಗಲೇ ಹದವಾಗಿತ್ತು. ಮಗುವನ್ನು ಕಳೆದುಕೊಂಡ ಮನೆಯವರ ಸಂಕಟವನ್ನು ಯಾರೂ ಹಗುರಾಗಿ ಕಾಣುವಂತಿಲ್ಲ. ನ್ಯಾಯಾಲಯಗಳ ವಿಳಂಬದಿಂದ ಬೇಸತ್ತ ಜನರ ಸಿಟ್ಟೂ ಸುಳ್ಳಲ್ಲ. ಆದರೆ ಆರೋಪಿ ಸತ್ತಾಗ ವಿಚಾರಣೆಯೂ ಸಾಯುತ್ತದೆ. ಹಿಡಿದವನೇ ನಿಜವಾದ ಅಪರಾಧಿಯೇ ಎಂಬುದನ್ನು ಸಾಕ್ಷ್ಯದ ಒರೆಗೆ ಹಚ್ಚುವ ಅವಕಾಶ ಮತ್ತೆ ಬರುವುದಿಲ್ಲ.

ಇಂಥ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರ ಪಿಯುಸಿಎಲ್ ಪ್ರಕರಣದಲ್ಲಿ 16 ಮಾರ್ಗಸೂಚಿಗಳನ್ನು ನೀಡಿದೆ. ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರಿಂದ ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ಶೌರ್ಯ ಸಂಶಯಾತೀತವಾಗಿ ಸಾಬೀತಾಗಬೇಕು. ಹುಬ್ಬಳ್ಳಿ ಪ್ರಕರಣದ ತನಿಖೆಯೂ ಸಿಐಡಿಗೆ ಹೋಯಿತು. ಪಿಯುಸಿಎಲ್ ಅರ್ಜಿಯ ಮೇರೆಗೆ ಆರೋಪಿಯ ಶವವನ್ನು ಸಂರಕ್ಷಿಸಿಡಲು ಹೈಕೋರ್ಟ್ ಸೂಚಿಸಿತು. ಬಿರುದುಗಳಿಗೆ ಮಾತ್ರ ಯಾವ ಮಾರ್ಗಸೂಚಿಯೂ ಅಡ್ಡಬರಲಿಲ್ಲ.

ಬೇರೆ ಬಗೆಯ ಪೊಲೀಸನನ್ನು ಕನ್ನಡ ಸಿನಿಮಾ ತೋರಿಸಿಯೇ ಇಲ್ಲವೆಂದಲ್ಲ. ಹೇಮಂತ್ ಎಂ. ರಾವ್ ಅವರ 'ಕವಲುದಾರಿ' (2019) ಚಿತ್ರದ ಶ್ಯಾಮ್ ಸಂಚಾರ ವಿಭಾಗದ ಸಬ್ ಇನ್‌ಸ್ಪೆಕ್ಟರ್. ಮೆಟ್ರೊ ಕಾಮಗಾರಿಯ ಅಗೆತದಲ್ಲಿ ಸಿಕ್ಕ ಮೂಳೆಗಳು ಯಾರವೆಂಬ ಪ್ರಶ್ನೆ ಆತನನ್ನು ಬಿಡುವುದಿಲ್ಲ. ಅನಂತನಾಗ್ ಅಭಿನಯದ ನಿವೃತ್ತ ಅಧಿಕಾರಿ ಮುತ್ತಣ್ಣನ ಜೊತೆ ಸೇರಿ, ದಶಕಗಳ ಹಿಂದಿನ ಪ್ರಕರಣದ ಎಳೆಗಳನ್ನು ಆತ ಒಂದೊಂದಾಗಿ ಬಿಡಿಸುತ್ತಾ ಹೋಗುತ್ತಾನೆ. ಪ್ರೇಕ್ಷಕರೂ ವಿಮರ್ಶಕರೂ ಮೆಚ್ಚಿದ ಚಿತ್ರವದು. ಆದರೂ ಯಾವ ಪತ್ರಿಕೆಯೂ ತನಿಖೆಯಲ್ಲಿ ನಿಷ್ಣಾತರಾದ ಅಧಿಕಾರಿಯೊಬ್ಬರನ್ನು 'ನಮ್ಮ ಊರಿನ ಶ್ಯಾಮ್' ಎಂದು ಕರೆದಂತಿಲ್ಲ.