ಗಾಳಿಗಾಗಿ ಕಟ್ಟಿದ ಆಸ್ಪತ್ರೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಹತ್ತಿ ನಾನು ಚಾಂಪಿಯನ್ ನಿಲ್ದಾಣದಲ್ಲಿ ಇಳಿದದ್ದು ಕೆಜಿಎಫ್‌ನ ಹಳೆಯ ಗಣಿ ಆಸ್ಪತ್ರೆ ನೋಡಲು. 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ ಹಳಿ ಇದು; ಆಸ್ಪತ್ರೆ ಜಾನ್ ಟೇಲರ್ ಕಂಪನಿಯ ಕಾಲದ್ದು.

ವಿಕ್ಟೋರಿಯಾ ರಾಣಿಯ ಕಾಲದ ಆಸ್ಪತ್ರೆಗಳನ್ನು ರೂಪಿಸಿದ್ದು ಒಂದು ನಂಬಿಕೆ: ಕೆಟ್ಟ ಗಾಳಿಯೇ ರೋಗದ ಮೂಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಎದುರುಬದುರು ಕಿಟಕಿಗಳ ಉದ್ದನೆಯ ವಾರ್ಡುಗಳಿಗಾಗಿ ವಾದಿಸಿದರು. ರೋಗಾಣುಗಳ ವಿಚಾರ ತಿಳಿದ ಮೇಲೂ ಆ ನಕ್ಷೆ ಉಳಿಯಿತು. ನಮ್ಮ ಸೀಮೆಯ ಬಿಸಿಲಿಗೂ ಅದು ಒಗ್ಗಿತು.

ಆದರೆ ಗಣಿ ಕಾರ್ಮಿಕರ ರೋಗ ಹುಟ್ಟುತ್ತಿದ್ದುದು ನೆಲದಡಿಯ ಕಲ್ಲುದೂಳಿನಲ್ಲಿ. 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಒಮ್ಮೆ ಗಟ್ಟಿಯಾದ ಶ್ವಾಸಕೋಶಕ್ಕೆ ಯಾವ ಕಿಟಕಿಯ ಗಾಳಿಯೂ ಸಾಲದು.

ಕಟ್ಟಡಗಳ ಚರಿತ್ರೆ ಬರೆಯುವ ನಾವು ಕಮಾನು, ಕಂಬಗಳಲ್ಲೇ ನಿಂತುಬಿಡುತ್ತೇವೆ. ಈ ಆಸ್ಪತ್ರೆಯ ನಕ್ಷೆ ಅರ್ಥವಾಗಬೇಕಾದರೆ ಮೂರು ಕಿಲೋಮೀಟರ್ ಆಳಕ್ಕಿಳಿದ ಗಣಿಯ ನಕ್ಷೆಯನ್ನೂ ಪಕ್ಕದಲ್ಲಿಟ್ಟು ಓದಬೇಕು.

2001ರಲ್ಲಿ ಗಣಿ ಮುಚ್ಚಿತು. ಪಾಳುಬಿದ್ದಿದ್ದ ಆಸ್ಪತ್ರೆಯನ್ನು 2021ರಲ್ಲಿ ಸ್ವಯಂಸೇವಕರು ದೂಳು ಗುಡಿಸಿ ಕೊರೊನಾ ರೋಗಿಗಳಿಗಾಗಿ ಸಜ್ಜುಗೊಳಿಸಿದರು. ಆಗಲೂ ಇದ್ದದ್ದು ಉಸಿರಿನದೇ ಪ್ರಶ್ನೆ.