ಹಕ್ಕಿ ಹಾರಿಹೋದ ಮೇಲೆ ಕಾಣುವ ಬೆಳ್ಳೂರು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಜನ ಹೋಗುವುದು ಚಳಿಗಾಲ, ಬೇಸಿಗೆಗಳಲ್ಲಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುವ ಕಾಲ ಅದು. ಮುಂಗಾರು ಹಿಡಿಯುವ ಹೊತ್ತಿಗೆ ಗೂಡುಗಳು ಬರಿದಾಗುತ್ತವೆ. ಆಮೇಲೆ ಅಲ್ಲಿ ನೋಡುವುದೇನಿದೆ ಎಂದು ಕೇಳುವವರೇ ಹೆಚ್ಚು. ನೋಡಬೇಕಾದದ್ದು ಮರಗಳನ್ನು.

ಕೊಪ್ಪದ ಕಡೆಯಿಂದ ಹೊರಟು ಮದ್ದೂರು ದಾಟಿ ಬಂದವರಿಗೆ ದಾರಿಯುದ್ದಕ್ಕೂ ಕಬ್ಬು, ಭತ್ತದ ಬಯಲು. ಬೆಳ್ಳೂರು ಹೊಕ್ಕರೆ ಹಿತ್ತಿಲು, ಬೀದಿ, ಮನೆಯ ಮಗ್ಗುಲಲ್ಲೆಲ್ಲ ಹಳೆಯ ಹುಣಸೆ, ಅರಳಿ, ಆಲದ ಮರಗಳು. ಬೇಲಿಯಿಲ್ಲದ ಈ ತೋಪು ಊರಿನೊಳಗೇ ಬೆಳೆದ ಕಾಡು. ಮಳೆಯಲ್ಲಿ ತೊಯ್ದ ಈ ಮರಗಳಡಿ ನಡೆದರೆ, ಬೇಸಿಗೆಯಲ್ಲಿ ರೆಂಬೆಗಳನ್ನು ಬೆಳ್ಳಗೆ ಮಾಡಿದ್ದ ಹಿಕ್ಕೆ ತೊಳೆದು ಮಣ್ಣಿಗಿಳಿಯುವುದು ಕಾಣುತ್ತದೆ. ಮರದಡಿ ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುವುದು ಇಲ್ಲಿನ ರೈತರ ಹಳೆಯ ರೂಢಿ.

ಊರು ಮೊದಲು ಈಗಿರುವ ಜಾಗದಲ್ಲಿರಲಿಲ್ಲ. ಶಿಂಷಾ ನದಿಯ ದಡದಲ್ಲಿದ್ದ ಬೆಳ್ಳೂರಿಗೆ 1916ರ ಸುಮಾರಿಗೆ ಪ್ಲೇಗು ಬಂದು, ಜನ ಮನೆಮಠ ಬಿಟ್ಟು ಈಚೆಗೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂಬುದು ಊರಿನವರ ಮಾತು. ಗೂಡು ಕಟ್ಟಲು ಬರುವ ಹಕ್ಕಿಯನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳೆಂದೇ ಅವರು ಕಾಣುತ್ತಾರೆ.

ಇಂಥ ಸಹಬಾಳ್ವೆ ಹಳೆಯದು. ಬ್ರಿಟಿಷ್ ಪಕ್ಷಿತಜ್ಞ ಟಿ.ಸಿ. ಜರ್ಡನ್ 1860ರ ದಶಕದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಕ್ಷಿಣದ ಹಳ್ಳಿಯೊಂದರ ನಡುವೆಯೇ ಹೆಜ್ಜಾರ್ಲೆಗಳು ಜನರಿಗೆ ಅಂಜದೆ ಗೂಡು ಕಟ್ಟಿದ್ದನ್ನು ದಾಖಲಿಸಿದ್ದಾನೆ. ಬೆಳ್ಳೂರನ್ನು ಹೊರಜಗತ್ತಿಗೆ ಪರಿಚಯಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ, ವರ್ಷ 1976.

ಆದರೆ ಪ್ರೀತಿಗೂ ಬೆಲೆಯುಂಟು. ಹುಣಸೆ ಬಡಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಕಾಯಿ ಬಡಿದರೆ ಮರಿ ಉದುರುತ್ತದೆ; ಬಡಿಯದಿದ್ದರೆ ಮನೆಯ ಆದಾಯ ಹೋಗುತ್ತದೆ. ಫಸಲು ಬಿಟ್ಟುಕೊಟ್ಟ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿದ್ದು ಈ ಕಾರಣಕ್ಕೆ. 1990ರ ದಶಕದಲ್ಲಿ ಮೈಸೂರಿನ ನಿಸರ್ಗಪ್ರಿಯರ ಜೊತೆ ಸೇರಿ ಗ್ರಾಮಸ್ಥರು ಕಟ್ಟಿದ 'ಹೆಜ್ಜಾರ್ಲೆ ಬಳಗ' ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸ ಕೈಗೊಂಡಿತು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಘೋಷಣೆಯಿಂದ ಎಲ್ಲವೂ ಬಗೆಹರಿಯಲಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. ಹಕ್ಕಿಗಳ ಆಹಾರ ತೈಲೂರು ಕೆರೆ, ಶಿಂಷಾ ನದಿಯಂಥ ಕಡೆಯ ಮೀನು. ಆ ನೀರು ಕೆಟ್ಟರೆ ಊರಿನ ಮರ ಎಷ್ಟು ಗಟ್ಟಿಯಿದ್ದರೂ ಸಾಲದು.

ಮರಗಳದ್ದೂ ಅದೇ ಪಾಡು. ಅವು ಬಹುಮಟ್ಟಿಗೆ ಮನೆಮನೆಯ ಸ್ವತ್ತು. ಸಂಸಾರ ಪಾಲಾದಾಗ, ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಅಡ್ಡವಾಗುವುದು ಹಿತ್ತಿಲಿನ ಮರವೇ. ಹುಣಸೆ ಮುಪ್ಪಾದರೂ ಹುಳಿ ಮುಪ್ಪಲ್ಲ ಎಂಬ ಗಾದೆಯೇನೋ ಇದೆ. ಆದರೆ ಹೆಜ್ಜಾರ್ಲೆ ಗೂಡು ಹೊರುವಷ್ಟು ಹುಣಸೆ ಬೆಳೆಯಲು ಒಂದು ತಲೆಮಾರೇ ಬೇಕು. ಸಸಿ ನೆಡಲು ಮಳೆಗಾಲವೇ ತಕ್ಕ ಸಮಯ. ಹಕ್ಕಿಗಳಿಲ್ಲದ ಈ ತಿಂಗಳುಗಳಲ್ಲಿ ಬೆಳ್ಳೂರಿನ ಹಿತ್ತಿಲುಗಳಲ್ಲಿ ಏನು ನೆಡುತ್ತಾರೆ, ಏನು ಕಡಿಯುತ್ತಾರೆ ಎಂಬುದರ ಮೇಲೆಯೇ ಮುಂದಿನವರು ಅಲ್ಲಿ ಕೊಕ್ಕರೆ ಕಾಣುವುದು ನಿಂತಿದೆ.